ಹಳೇ ಬುಲೆಟ್ ಸ್ಟಾರ್ಟ್ ಆಗ್ತಿಲ್ವಾ? ಬ್ಯಾಟರಿಯಿಂದ ಪ್ಲಗ್‌ವರೆಗೆ ಕರೆಂಟಿನ ದಾರಿ ಹಿಡಿದು ಹುಡುಕಿ

ಹಳೇ ಬುಲೆಟ್ ಹಟ ಹಿಡಿದು ನಿಂತರೆ ನಾವು ಮಾಡುವುದು ಸಾಮಾನ್ಯವಾಗಿ ಒಂದೇ. ಮೊದಲು ಪ್ಲಗ್ ಬದಲಾಯಿಸುತ್ತೇವೆ. ಆಗಲಿಲ್ಲವೆಂದರೆ ಕಂಡೆನ್ಸರ್. ಆಮೇಲೆ ಕಾಯಿಲ್. ಕೊನೆಗೆ ಬ್ಯಾಟರಿ. ಜೇಬು ಖಾಲಿಯಾದ ಮೇಲೆ ಯಾರೋ ಬಂದು ಒಂದು ಸಡಿಲ ನಟ್ಟು ಬಿಗಿ ಮಾಡುತ್ತಾರೆ, ಗಾಡಿ ಒಂದೇ ಕಿಕ್ಕಿಗೆ ಎದ್ದುಬಿಡುತ್ತದೆ.

ಪಾರ್ಟ್ ಬದಲಾಯಿಸುವುದು ಹುಡುಕುವುದಲ್ಲ, ಊಹಿಸುವುದು. ಈ ಗಾಡಿಯ ಇಗ್ನಿಷನ್‌ನಲ್ಲಿ ಕರೆಂಟಿಗೆ ಇರುವುದು ಒಂದೇ ದಾರಿ. ಬ್ಯಾಟರಿಯಿಂದ ಹೊರಟು, ಅಮ್ಮೀಟರ್ ದಾಟಿ, ಕೀ ಸ್ವಿಚ್ ಮೂಲಕ ಕಾಯಿಲ್‌ಗೆ (ಬ್ಯಾಟರಿಯ ವೋಲ್ಟೇಜನ್ನು ಸ್ಪಾರ್ಕಿಗೆ ಬೇಕಾದಷ್ಟು ಏರಿಸಿ ಪ್ಲಗ್‌ಗೆ ಕಳಿಸುವ ಸುರುಳಿ), ಅಲ್ಲಿಂದ ಪಾಯಿಂಟ್‌ಗೆ (ಎಂಜಿನ್ ತಿರುಗಿದಂತೆ ಕೂಡಿ ಬಿಡುವ ಪುಟ್ಟ ಸ್ವಿಚ್, ಅದು ಬಿಟ್ಟ ಕ್ಷಣವೇ ಪ್ಲಗ್‌ನಲ್ಲಿ ಸ್ಪಾರ್ಕ್), ಪಾಯಿಂಟ್ ಮೂಲಕ ಎಂಜಿನ್ ಬಾಡಿಗೆ, ಬಾಡಿಯಿಂದ ವಾಪಸ್ ಬ್ಯಾಟರಿಗೆ. ಅದು ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಹೇಳುತ್ತಿರುವುದು ಪಾಯಿಂಟ್ ಇರುವ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350 ಬಗ್ಗೆ. 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತಾ ಬಂದ, 346 ಸಿಸಿಯ ಗಾಡಿ. ಎಲೆಕ್ಟ್ರಾನಿಕ್ ಇಗ್ನಿಷನ್‌ನ ಈಚಿನ ಮಾದರಿಗಳಿಗೆ ಪಾಯಿಂಟ್ ಭಾಗ ಅನ್ವಯಿಸುವುದಿಲ್ಲ. ಬ್ಯಾಟರಿ, ಅರ್ತ್ (ಕರೆಂಟು ಬಾಡಿಯಿಂದ ಬ್ಯಾಟರಿಗೆ ವಾಪಸಾಗುವ ಜೋಡಣೆ), ಸ್ವಿಚ್, ಪ್ಲಗ್ ಕ್ಯಾಪ್ ವಿಷಯ ಅವಕ್ಕೂ ಒಂದೇ. ನಾನು ಕೊಡುವ ಲೆಕ್ಕ 12 ವೋಲ್ಟ್, ಮೈನಸ್ ಅರ್ತ್ ಇರುವ ಗಾಡಿಯದು. ನಿಮ್ಮದು ಇನ್ನೂ ಹಳೇ 6 ವೋಲ್ಟ್ ಗಾಡಿಯಾದರೆ ಬ್ಯಾಟರಿ ವೋಲ್ಟೇಜನ್ನು ಅರ್ಧ ಮಾಡಿಕೊಳ್ಳಿ, ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದೂ ನೋಡಿಕೊಳ್ಳಿ.

ಇನ್ನೊಂದು ಮಾತು. ಯಮಹಾ ಆರ್‌ಎಕ್ಸ್ 100 ಓಡಿಸಿದವರು "ಕಿಕ್ ಗಾಡಿಗೆ ಬ್ಯಾಟರಿ ಯಾಕೆ?" ಅಂತಾರೆ. ಅದರ ಸ್ಪಾರ್ಕಿಗೆ ಬೇಕಾದ ಕರೆಂಟು ಮ್ಯಾಗ್ನೆಟ್‌ನಿಂದಲೇ ಬರುತ್ತದೆ, ಹಾಗಾಗಿ ಬ್ಯಾಟರಿ ಸತ್ತರೂ ಅದು ಎದ್ದೇಳುತ್ತದೆ. ಪಾಯಿಂಟ್ ಬುಲೆಟ್ ಹಾಗಲ್ಲ. ಬ್ಯಾಟರಿಯಲ್ಲಿ ದಮ್ಮಿಲ್ಲದಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವೇ ಗತಿ.

ಏನೇನು ಬೇಕು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ನುಣುಪಾದ ಎಮರಿ ಪೇಪರ್ (400 ಅಥವಾ ಅದಕ್ಕಿಂತ ನಯ), ಸ್ವಲ್ಪ ಪೆಟ್ರೋಲು, ಒಂದು ಗಟ್ಟಿ ಕಾಗದದ ಚೂರು. ಮದುವೆ ಕರೆಯೋಲೆ ಇದಕ್ಕೆ ಚೆನ್ನಾಗಿ ಆಗುತ್ತದೆ. ಇವುಗಳ ಜೊತೆ ಒಂದು ಟೆಸ್ಟ್ ಲ್ಯಾಂಪ್: ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರು ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಸಿಕ್ಕಿಸಿದರೆ ಆಯಿತು. ಮೀಟರ್ ಎಷ್ಟೋ ಸಲ ಸುಳ್ಳು ಹೇಳುತ್ತದೆ. ಒಂದೇ ಒಂದು ಎಳೆ ಉಳಿದ ವೈರಿನಲ್ಲೂ ಅದು 12 ವೋಲ್ಟ್ ತೋರಿಸುತ್ತದೆ. ಬಲ್ಬು ಹಾಗೆ ಮೋಸ ಹೋಗುವುದಿಲ್ಲ, ನಿಜವಾಗಿ ಕರೆಂಟು ಹರಿದರೆ ಮಾತ್ರ ಹತ್ತುತ್ತದೆ. ಬೆಂಗಳೂರಿನವರಿಗೆ ಮೀಟರು, ಬಲ್ಬು, ಕ್ಲಿಪ್ಪು ಎಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಗಾಡಿ ಸಾಮಾನಿಗೆ ಜೆ.ಸಿ. ರಸ್ತೆ ಇದ್ದೇ ಇದೆ.

ಮೊದಲು ಪ್ಲಗ್ ಬಿಚ್ಚಿ ಮೂಸಿ ನೋಡಿ

ಎಂಟು ಹತ್ತು ಕಿಕ್ ಹೊಡೆದು ತಕ್ಷಣ ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಬಹುತೇಕ ಸ್ಪಾರ್ಕೇ ಇಲ್ಲ. ಒಣಗಿದ್ದರೆ ಟ್ಯಾಪು, ಕಾರ್ಬೊರೇಟರ್ ಕಡೆ ನೋಡಿ, ಈ ಬರಹ ಸದ್ಯಕ್ಕೆ ನಿಮಗೆ ಬೇಡ.

ಈಗ ಪ್ಲಗ್ಗನ್ನು ಒರೆಸಿ, ಕ್ಯಾಪ್‌ಗೆ ಹಾಕಿ, ಅದರ ಲೋಹದ ಭಾಗವನ್ನು ಸಿಲಿಂಡರ್ ಹೆಡ್ಡಿಗೆ ಒತ್ತಿ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ. ಸ್ಪಾರ್ಕ್ ಅದಕ್ಕೆ ತಾಗಿದರೆ ಬೆಂಕಿ. ಅದಕ್ಕೇ ತೂತಿಗೆ ಹಳೇ ಪ್ಲಗ್ ಒಂದನ್ನು ತಿರುಗಿಸಿಟ್ಟು, ಪರೀಕ್ಷೆಯ ಪ್ಲಗ್ ದೂರದಲ್ಲಿ ಹಿಡಿಯಿರಿ. ಬರಿಗೈಯಲ್ಲಿ ಹಿಡಿಯಬೇಡಿ, ಶಾಕ್ ಜೋರಾಗಿಯೇ ಹೊಡೆಯುತ್ತದೆ. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಸ್ಪಾರ್ಕ್ ಇದ್ದರೆ ಒಳ್ಳೆಯದು. ತೆಳ್ಳಗೆ ಕೆಂಪಗೆ ಇದ್ದರೆ ಅದು ಎಂಜಿನ್ ಒಳಗಿನ ಒತ್ತಡದಲ್ಲಿ ಹಾರುವುದಿಲ್ಲ, ಇಲ್ಲವೆಂದೇ ಲೆಕ್ಕ ಹಾಕಿ.

ಬೇರೆ ಪ್ಲಗ್ ಒಂದಿದ್ದರೆ ಈಗಲೇ ಹಾಕಿ ನೋಡಿ. ಗ್ಯಾಪ್ 0.5ರಿಂದ 0.6 ಮಿ.ಮೀ. ಇರಲಿ. ಹೊಸ ಪ್ಲಗ್ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ನಂಬಬೇಡಿ.

ಬ್ಯಾಟರಿ

ಎಲ್ಲಾ ಸ್ವಿಚ್ ಆಫ್ ಮಾಡಿ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಇದ್ದರೆ ಸುಮಾರು ಅರ್ಧ. 11.8ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ತಿಳಿಯಿರಿ. ಇಷ್ಟಕ್ಕೇ ನಿಲ್ಲಿಸಬೇಡಿ. ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ. ಲೈಟ್ ಹಾಕಿದ ಕೂಡಲೇ 10ಕ್ಕೋ 9ಕ್ಕೋ ಕುಸಿದರೆ ಬ್ಯಾಟರಿ ಖಾಲಿ ಇದೆ, ಇಲ್ಲವೇ ಪ್ಲೇಟ್ ಹೋಗಿದೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಹಾಗೇ ಆದರೆ ಬದಲಾಯಿಸದೆ ದಾರಿಯಿಲ್ಲ.

ನೀರು ಹಾಕುವ ಬ್ಯಾಟರಿಯಾದರೆ ಮಟ್ಟ ನೋಡಿ, ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಟರ್ಮಿನಲ್ ಮೇಲೆ ಬೆಳ್ಳಗೆ ಹಸಿರಗೆ ಹೂವು ಬಂದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಉಜ್ಜಿ ಬಿಗಿ ಮಾಡಿ. ಆ ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬಿಚ್ಚುವಾಗ ಅರ್ತ್ ವೈರು ಮೊದಲು, ಹಾಕುವಾಗ ಅದೇ ಕೊನೆಗೆ. ಫ್ಯೂಸ್ ಇದ್ದರೆ ಕಣ್ಣಲ್ಲಿ ನೋಡಿ ಸಾಲದು, ಹೋಲ್ಡರ್‌ನ ತುದಿಗಳೂ ಕಿಲುಬು ಹಿಡಿದಿರುತ್ತವೆ.

ಅರ್ತ್: ಎಲ್ಲರೂ ಮರೆಯುವ ಜಾಗ

ಈಗ ಹಳೇ ಬುಲೆಟ್ ತಂದು ರಿಸ್ಟೋರ್ ಮಾಡಿಸುವವರು ಜಾಸ್ತಿ. ಫ್ರೇಮಿಗೆ ಪೌಡರ್ ಕೋಟಿಂಗ್, ಹೊಳೆಯುವ ಬಣ್ಣ, ಹೊಸ ಬೋಲ್ಟು. ನೋಡೋಕೆ ಚಂದ. ಆದರೆ ಪೌಡರ್ ಕೋಟಿಂಗ್ ಕರೆಂಟನ್ನು ಬಿಡುವುದಿಲ್ಲ. ಬ್ಯಾಟರಿಯ ಮೈನಸ್ ವೈರನ್ನು ಆ ಬಣ್ಣದ ಮೇಲೇ ಬೋಲ್ಟ್ ಮಾಡಿದರೆ ಸಿಗುವ ಅರ್ತ್ ಅಷ್ಟಕ್ಕಷ್ಟೇ. ಬೋಲ್ಟಿನ ಎಳೆ ಎಲ್ಲೋ ಒಂದು ಕಡೆ ಲೋಹ ತಾಗಿ ಎರಡು ದಿನ ಓಡುತ್ತದೆ, ಮೂರನೇ ದಿನ ನಿಲ್ಲುತ್ತದೆ. ರಿಸ್ಟೋರ್ ಆಗಿ ಬಂದ ಗಾಡಿ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಪರೀಕ್ಷೆ ಸುಲಭ. ಕೀ ಆನ್ ಮಾಡಿ, ಲೈಟ್ ಹಾಕಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಫ್ರೇಮಿನ ಬಣ್ಣವಿಲ್ಲದ ಜಾಗಕ್ಕೆ ಹಿಡಿಯಿರಿ. ಆಮೇಲೆ ಎಂಜಿನ್ನಿನ ಫಿನ್ನಿಗೆ. 0.1, ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅಷ್ಟು ವೋಲ್ಟೇಜು ಅರ್ತ್‌ನಲ್ಲೇ ಹಾಳಾಗುತ್ತಿದೆ. ವೈರು ಬಿಚ್ಚಿ, ಫ್ರೇಮಿನ ಆ ಜಾಗವನ್ನು ಲೋಹ ಕಾಣುವವರೆಗೆ ಕೆರೆದು, ಸ್ವಲ್ಪ ವ್ಯಾಸಲಿನ್ ಹಚ್ಚಿ ಬಿಗಿ ಮಾಡಿ. ಇನ್ನೂ ಒಳ್ಳೆಯದೆಂದರೆ ಬ್ಯಾಟರಿ ಮೈನಸ್‌ನಿಂದ ನೇರವಾಗಿ ಎಂಜಿನ್ನಿನ ಒಂದು ಬೋಲ್ಟಿಗೆ ಇನ್ನೊಂದು ದಪ್ಪ ವೈರು ಎಳೆದುಬಿಡಿ. ಅಗ್ಗದ ಕೆಲಸ, ವರ್ಷಗಟ್ಟಲೆ ತಲೆನೋವು ತಪ್ಪುತ್ತದೆ.

ಅಮ್ಮೀಟರ್ ಹೇಳುವುದನ್ನು ಕೇಳಿ

ಹೆಡ್‌ಲೈಟ್ ಮೇಲಿರುವ ಆ ಪುಟ್ಟ ಅಮ್ಮೀಟರನ್ನು ಬಹಳ ಜನ ಅಲಂಕಾರಕ್ಕೆ ಅಂದುಕೊಂಡಿದ್ದಾರೆ. ಕಂಪನಿ ನಿಮಗೆ ಪುಕ್ಕಟೆ ಕೊಟ್ಟ ಟೆಸ್ಟ್ ಮೀಟರ್ ಅದು. ಎಡಕ್ಕೆ ಹೋದರೆ ಬ್ಯಾಟರಿಯಿಂದ ಕರೆಂಟು ಹೊರಗೆ ಹೋಗುತ್ತಿದೆ, ಬಲಕ್ಕೆ ಹೋದರೆ ಒಳಗೆ ಬರುತ್ತಿದೆ.

ಮೊದಲು ಕೀ ಆನ್ ಮಾಡಿ ಹೆಡ್‌ಲೈಟ್ ಹಾಕಿ. ಮುಳ್ಳು ಎಡಕ್ಕೆ ವಾಲಿ, ಲೈಟ್ ಹತ್ತಿದರೆ ಬ್ಯಾಟರಿಯಿಂದ ಇಲ್ಲಿವರೆಗೆ ದಾರಿ ಇದೆ. ಮುಳ್ಳೂ ಅಲುಗದೆ, ಲೈಟೂ ಇಲ್ಲದೆ, ಹಾರನ್ನೂ ಇಲ್ಲದೆ ಗಾಡಿ ಪೂರ್ತಿ ಸತ್ತಂತಿದ್ದರೆ ಹೆಡ್‌ಲೈಟ್ ಬಿಚ್ಚಿ ಅಮ್ಮೀಟರ್ ಹಿಂಭಾಗ ನೋಡಿ. ಗಾಡಿಯ ಕರೆಂಟೆಲ್ಲ ಅಲ್ಲಿರುವ ಎರಡು ನಟ್ಟುಗಳ ಮೂಲಕವೇ ಹೋಗಬೇಕು. ಬುಲೆಟ್‌ನ ನಡುಕಕ್ಕೆ ಅವು ಸಡಿಲವಾಗುತ್ತವೆ, ಕಿಡಿ ಹೊಡೆದು ಸುಡುತ್ತವೆ. ಎರಡೂ ವೈರನ್ನು ಮೀಟರಿನಿಂದ ಬಿಚ್ಚಿ ಒಂದಕ್ಕೊಂದು ಸೇರಿಸಿ. ಗಾಡಿಗೆ ಜೀವ ಬಂದರೆ ಕಳ್ಳ ಸಿಕ್ಕ. ರಸ್ತೆ ಮಧ್ಯೆ ಆದರೆ ಹಾಗೇ ಸೇರಿಸಿ, ಟೇಪು ಸುತ್ತಿ ಮನೆ ಸೇರಬಹುದು.

ಈಗ ಮುಖ್ಯವಾದ ಪರೀಕ್ಷೆ. ಪ್ಲಗ್ ಹಾಕಿರಲಿ, ಗೇರು ನ್ಯೂಟ್ರಲ್. ಲೈಟೆಲ್ಲ ಆಫ್, ಮುಂದಿನ ಪುಟ್ಟ ಪಾರ್ಕಿಂಗ್ ಲೈಟೂ ಸೇರಿ. ಕೀ ಆನ್. ಎಡಗೈಯಲ್ಲಿ ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಹೊರಗೆ ಬಿಡುವ ಲಿವರ್) ಹಿಡಿದುಕೊಂಡು ಕಿಕ್ಕರನ್ನು ಮೆಲ್ಲಗೆ, ತೀರಾ ಮೆಲ್ಲಗೆ ಒತ್ತುತ್ತಾ ಮುಳ್ಳನ್ನೇ ನೋಡಿ. ಪಾಯಿಂಟ್ ಕೂಡಿದಾಗ ಮುಳ್ಳು ಎಡಕ್ಕೆ ಸುಮಾರು 3 ಆಂಪಿಯರ್ ಹೋಗುತ್ತದೆ. ಪಾಯಿಂಟ್ ಬಿಟ್ಟುಕೊಂಡ ಕ್ಷಣ ಸೊನ್ನೆಗೆ ವಾಪಸ್ ಬರುತ್ತದೆ. ಎಂಜಿನ್ ಎರಡು ಸುತ್ತು ಸುತ್ತಿದಾಗ ಇದು ಒಂದೇ ಸಲ ಆಗುವುದು, ಹಾಗಾಗಿ ಕಿಕ್ಕರನ್ನು ಬೇಕಾದಷ್ಟು ಸಲ ಒತ್ತಿ.

ಮುಳ್ಳು ಹೀಗೆ ಎಡಕ್ಕೂ ಸೊನ್ನೆಗೂ ಆಡುತ್ತಿದ್ದರೆ ಬ್ಯಾಟರಿ, ಸ್ವಿಚ್, ಕಾಯಿಲ್‌ನ ಒಳಬರುವ ಸುತ್ತು, ಪಾಯಿಂಟ್ ಎಲ್ಲ ಕೆಲಸ ಮಾಡುತ್ತಿವೆ. ದೋಷ ಇರುವುದು ಕಂಡೆನ್ಸರ್ (ಪಾಯಿಂಟ್ ಬಿಡುವಾಗ ಅಲ್ಲಿ ಕಿಡಿ ಹಾರದಂತೆ ತಗ್ಗಿಸುವ ಭಾಗ), ಕಾಯಿಲ್‌ನ ಹೈ ಟೆನ್ಷನ್ ಕಡೆ, ಪ್ಲಗ್ ವೈರು, ಕ್ಯಾಪ್, ಇಲ್ಲವೇ ಪ್ಲಗ್‌ನಲ್ಲಿ.

ಮುಳ್ಳು ಸೊನ್ನೆಯಲ್ಲೇ ಕೂತಿದ್ದರೆ ಕಾಯಿಲ್ ಮೂಲಕ ಕರೆಂಟೇ ಹರಿಯುತ್ತಿಲ್ಲ. ಕೀ ಸ್ವಿಚ್, ತುಂಡಾದ ವೈರು, ಕೊಳೆ ಹಿಡಿದ ಪಾಯಿಂಟ್, ಅಥವಾ ಒಳಗೆ ಕಡಿದ ಕಾಯಿಲ್.

ಮುಳ್ಳು ಎಡದಲ್ಲೇ ಅಂಟಿಕೊಂಡಿದ್ದರೆ ಪಾಯಿಂಟ್ ಬಿಡುತ್ತಲೇ ಇಲ್ಲ, ಅಥವಾ ಅದರ ವೈರು ಎಲ್ಲೋ ಬಾಡಿಗೆ ತಾಗಿದೆ, ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ.

ನೋಡಿ, ಇನ್ನೂ ಒಂದು ಸಾಮಾನನ್ನೂ ಕೊಂಡಿಲ್ಲ, ದೋಷ ಮೂರರಲ್ಲಿ ಒಂದು ಭಾಗಕ್ಕೆ ಇಳಿದಾಗಿದೆ.

ಒಂದು ಎಚ್ಚರಿಕೆ: ಎಂಜಿನ್ ನಿಂತಿರುವಾಗ ಕೀ ಆನ್‌ನಲ್ಲೇ ಬಿಟ್ಟು ಚಹಾಕ್ಕೆ ಹೋಗಬೇಡಿ. ಪಾಯಿಂಟ್ ಕೂಡಿದ್ದರೆ ಕಾಯಿಲ್ ಸುಡುವಷ್ಟು ಬಿಸಿಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ.

ಮುಳ್ಳು ಸೊನ್ನೆಯಲ್ಲೇ ಇದ್ದರೆ

ಟ್ಯಾಂಕಿನ ಕೆಳಗಿರುವ ಕಾಯಿಲ್ ಹುಡುಕಿ. ಅದಕ್ಕೆ ಎರಡು ಸಣ್ಣ ವೈರು: ಒಂದು ಕೀ ಸ್ವಿಚ್‌ನಿಂದ ಬರುತ್ತದೆ, ಇನ್ನೊಂದು ಪಾಯಿಂಟ್‌ಗೆ ಹೋಗುತ್ತದೆ. ಕೀ ಆನ್ ಮಾಡಿ ಮೊದಲ ವೈರಿನ ತುದಿಗೂ ಎಂಜಿನ್ ಬಾಡಿಗೂ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಚೆನ್ನಾಗಿ ಹತ್ತಬೇಕು. ಹತ್ತದಿದ್ದರೆ ಅಥವಾ ಮಂಕಾಗಿದ್ದರೆ ಕೀಯನ್ನು ಸ್ವಲ್ಪ ಅಲ್ಲಾಡಿಸಿ, ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಬಲ್ಬು ಮಿನುಗಿದರೆ ಸ್ವಿಚ್ ಸವೆದಿದೆ, ಇಲ್ಲವೇ ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರು ಒಳಗೊಳಗೇ ಕಡಿದಿದೆ. ಮೀಟರಿನಲ್ಲಿ, ಪಾಯಿಂಟ್ ಕೂಡಿರುವಾಗ, ಬ್ಯಾಟರಿಗೂ ಇಲ್ಲಿಗೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಅನುಮಾನ ತೀರಿಸಿಕೊಳ್ಳಲು ಒಂದು ಉಪಾಯ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಇರುವ ಒಂದು ಉದ್ದ ವೈರನ್ನು ನೇರ ಕಾಯಿಲ್‌ನ ಆ ತುದಿಗೆ ಕೊಡಿ. ಸ್ವಿಚ್‌ನಿಂದ ಬರುವ ವೈರನ್ನು ಬಿಚ್ಚಿಡಿ. ಗಾಡಿ ಸ್ಟಾರ್ಟ್ ಆದರೆ ಪಾಯಿಂಟ್, ಕಾಯಿಲ್, ಪ್ಲಗ್ ಎಲ್ಲ ಸರಿ, ದೋಷ ಸ್ವಿಚ್ ಕಡೆಯ ವೈರಿಂಗ್‌ನಲ್ಲಿ. ನಿಲ್ಲಿಸಬೇಕಾದರೆ ಆ ವೈರನ್ನೇ ಕೀಳಬೇಕು, ಕೀ ಕೆಲಸ ಮಾಡುವುದಿಲ್ಲ.

ಕಾಯಿಲ್‌ನ ಮೊದಲ ತುದಿಗೆ ಕರೆಂಟು ಇದ್ದು, ಪಾಯಿಂಟ್ ಬಿಟ್ಟಿರುವಾಗ ಎರಡನೇ ತುದಿಗೆ ಬರದಿದ್ದರೆ ಕಾಯಿಲ್ ಒಳಗೆ ಕಡಿದಿದೆ. ಆದರೆ ಪಾಯಿಂಟ್ ಕಡೆಯ ವೈರು ಶಾರ್ಟ್ ಆಗಿದ್ದರೂ ಹಾಗೇ ಕಾಣುತ್ತದೆ, ಅದಕ್ಕೇ ಆ ವೈರು ಬಿಚ್ಚಿ ಇನ್ನೊಮ್ಮೆ ನೋಡಿ ತೀರ್ಮಾನಿಸಿ.

ಪಾಯಿಂಟ್

ಬಲಗಡೆ ಟೈಮಿಂಗ್ ಕವರ್‌ನ ಹಿಂಭಾಗದಲ್ಲಿ, ಸಿಲಿಂಡರ್‌ನ ಹಿಂದೆ ಪಾಯಿಂಟ್ ಡಬ್ಬಿ ಇದೆ. ಮುಚ್ಚಳ ತೆಗೆದು ಕೀ ಆನ್ ಮಾಡಿ, ಪಾಯಿಂಟ್ ಕೂಡಿರುವಾಗ ಪಾಯಿಂಟ್ ವೈರಿಗೂ ಎಂಜಿನ್ ಬಾಡಿಗೂ ಮೀಟರ್ ಹಿಡಿಯಿರಿ. ಹತ್ತಿರ ಹತ್ತಿರ ಸೊನ್ನೆ ಬರಬೇಕು. 0.2ಕ್ಕಿಂತ ಜಾಸ್ತಿ ಬಂದರೆ ಪಾಯಿಂಟ್ ಮುಖ ಕೊಳೆಯಾಗಿದೆ ಅಥವಾ ಡಬ್ಬಿಗೆ ಅರ್ತ್ ಸರಿಯಿಲ್ಲ. ಬಿಟ್ಟಿರುವಾಗ ಪೂರ್ತಿ ಬ್ಯಾಟರಿ ವೋಲ್ಟೇಜ್ ಕಾಣಬೇಕು. ಕಾಯಿಲ್ ಸರಿ ಇದ್ದೂ ಕಾಣದಿದ್ದರೆ ಶಾರ್ಟ್.

ಮುಖ ಬೂದಿ ಬಣ್ಣಕ್ಕೆ ತಿರುಗಿದ್ದರೆ ಎಮರಿ ಪೇಪರನ್ನು ಮಡಿಸಿ ನಡುವೆ ಇಟ್ಟು ನಾಲ್ಕು ಸಲ ಎಳೆಯಿರಿ. ಜಾಸ್ತಿ ಉಜ್ಜಬೇಡಿ, ಮುಖ ಸೊಟ್ಟ ಆಗುತ್ತದೆ. ಆಮೇಲೆ ಗಟ್ಟಿ ಕಾಗದವನ್ನು ಪೆಟ್ರೋಲಿನಲ್ಲಿ ಅದ್ದಿ ನಡುವೆ ಎಳೆಯಿರಿ, ಕೊನೆಗೆ ಒಣ ಕಾಗದ. ಈ ಕಾಗದದ ಹಂತ ಬಿಟ್ಟರೆ ಎಮರಿಯ ಪುಡಿ ಅಲ್ಲೇ ಕೂತು ಮತ್ತೆ ಕರೆಂಟು ತಡೆಯುತ್ತದೆ. ಹೊಸ ಪಾಯಿಂಟ್ ಹಾಕಿದಾಗಲೂ ಇದನ್ನು ಮಾಡಲೇಬೇಕು. ತುಕ್ಕು ಹಿಡಿಯದಿರಲೆಂದು ಅದರ ಮುಖಕ್ಕೆ ಎಣ್ಣೆ ಹಚ್ಚಿರುತ್ತಾರೆ. ಹಾಗೇ ಹಾಕಿ "ಹೊಸ ಪಾಯಿಂಟೂ ಡೂಪ್ಲಿಕೇಟು" ಎಂದು ಅಂಗಡಿಯವನನ್ನು ಬೈಯುವವರಿದ್ದಾರೆ.

ಗ್ಯಾಪ್ ನೋಡಲು ಪ್ಲಗ್ ಬಿಚ್ಚಿ, ಪಾಯಿಂಟ್ ಪೂರ್ತಿ ಬಾಯಿ ಬಿಡುವವರೆಗೆ ಎಂಜಿನ್ ತಿರುಗಿಸಿ. 0.35ರಿಂದ 0.40 ಮಿ.ಮೀ. ಇರಬೇಕು. ಲಾಕ್ ಸ್ಕ್ರೂ ಸ್ವಲ್ಪ ಸಡಿಲಿಸಿ ಸರಿಪಡಿಸಿ, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿ ಮಾಡುವಾಗಲೇ ಗ್ಯಾಪ್ ಜಾರುವುದು. ಕ್ಯಾಮ್ ಮೇಲೆ ಚೂರೇ ಚೂರು ಗ್ರೀಸ್ ಇರಲಿ. ಒಣಗಿದ್ದರೆ ಪಾಯಿಂಟ್‌ನ ಹಿಮ್ಮಡಿ (ಕ್ಯಾಮ್‌ಗೆ ಉಜ್ಜುವ ತುದಿ) ಬೇಗ ಸವೆದು ಗ್ಯಾಪ್ ಮುಚ್ಚುತ್ತದೆ. ಮುಳ್ಳು ಎಡಕ್ಕೇ ಅಂಟಿಕೊಳ್ಳಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ವಾಶರ್. ಪಾಯಿಂಟ್‌ನ ಸ್ಪ್ರಿಂಗು, ಕಂಡೆನ್ಸರ್ ವೈರು, ಕಾಯಿಲ್‌ನಿಂದ ಬರುವ ವೈರು ಮೂರೂ ಒಂದಕ್ಕೊಂದು ತಾಗಿರಬೇಕು, ಆದರೆ ಬಾಡಿಗೆ ತಾಗಬಾರದು. ನಡುವಿನ ಫೈಬರ್ ವಾಶರ್ ಬಿಟ್ಟುಹೋದರೆ ಅಥವಾ ಕ್ರಮ ತಪ್ಪಿದರೆ ಸ್ಪಾರ್ಕ್ ಬರುವುದೇ ಇಲ್ಲ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಸ್ಪಾರ್ಕ್ ಹಾರುವ ಕ್ಷಣವೂ, ಬದಲಾಗುತ್ತದೆ. 350ಕ್ಕೆ, ಪಿಸ್ಟನ್ ಮೇಲ್ತುದಿ ತಲುಪಲು 0.8 ಮಿ.ಮೀ. ಇರುವಾಗ ಪಾಯಿಂಟ್ ಬಿಡಲು ಶುರುವಾಗಬೇಕು. ಸಿಗರೇಟ್ ಪೇಪರಿನಷ್ಟು ತೆಳು ಕಾಗದವನ್ನು ಪಾಯಿಂಟ್ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ, ಅದು ಜಾರಿ ಬರುವ ಕ್ಷಣವೇ ಆ ಜಾಗ. ಕಿಕ್ಕರ್ ವಾಪಸ್ ಹೊಡೆಯುತ್ತಿದ್ದರೆ ಟೈಮಿಂಗ್ ಮುಂದೆ ಹೋಗಿ ಸ್ಪಾರ್ಕ್ ಬೇಗ ಬರುತ್ತಿದೆ, ಅಥವಾ ಪಾಯಿಂಟ್ ಕೆಳಗಿನ ಅಡ್ವಾನ್ಸ್ ತೂಕಗಳು (ವೇಗ ಹೆಚ್ಚಿದಂತೆ ಸ್ಪಾರ್ಕನ್ನು ಬೇಗ ತರುವ ತೂಕಗಳು) ಅಂಟಿಕೊಂಡಿವೆ. ಸರಿಪಡಿಸದೆ ಕಿಕ್ ಹೊಡೆದರೆ ಹಿಮ್ಮಡಿ ಮುರಿದೀತು, ತಮಾಷೆಯಲ್ಲ.

ಮುಳ್ಳು ಆಡುತ್ತಿದೆ, ಸ್ಪಾರ್ಕ್ ಮಾತ್ರ ಇಲ್ಲ

ಪ್ಲಗ್ಗನ್ನು ಹೊರಗೆ ಬಾಡಿಗೆ ತಾಗಿಸಿಡಿ, ಮೊದಲಿನಂತೆಯೇ ತೂತು ಮುಚ್ಚಿ. ಪಾಯಿಂಟ್ ಕೂಡಿರುವಂತೆ ನಿಲ್ಲಿಸಿ ಕೀ ಆನ್ ಮಾಡಿ, ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಪಾಯಿಂಟ್ ಬಾಯಿ ಫಟಾರನೆ ಬಿಡಿಸಿ. ಪ್ರತಿ ಸಲವೂ ಪ್ಲಗ್‌ನಲ್ಲಿ ಸ್ಪಾರ್ಕ್ ಬರಬೇಕು. ಕಿಕ್ ಹೊಡೆಯುವ ಕಷ್ಟವಿಲ್ಲ.

ಆಗ ಪಾಯಿಂಟ್ ಕಡೆಗೂ ಒಂದು ಕಣ್ಣಿಡಿ. ಅಲ್ಲಿ ಸಣ್ಣ ಕಿಡಿ ಸಹಜ. ದೊಡ್ಡದಾಗಿ ಹಳದಿ ಕಿಡಿ ಹಾರಿ, ಪ್ಲಗ್‌ನಲ್ಲಿ ಮಂಕು ಸ್ಪಾರ್ಕ್ ಬಂದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಮುಖ ಕರ್ರಗೆ ಸುಡುವುದು, ಹೊಸ ಪಾಯಿಂಟ್ ಬೇಗ ಹಾಳಾಗುವುದು ಕೂಡ ಅದರದೇ ಲಕ್ಷಣ. ಇದರ ಬೆಲೆ ಕಡಿಮೆ, ಅದಕ್ಕೇ ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಆದರೆ ಗಾಡಿಯಲ್ಲಿ ಒಮ್ಮೆ ಹಾಕಿ ಓಡಿಸಿ ಪರೀಕ್ಷಿಸಿದ್ದನ್ನೇ ಇಡಿ.

ಕಾಯಿಲ್ ಅಳೆಯಲು ವೈರೆಲ್ಲ ಬಿಚ್ಚಿ. 12 ವೋಲ್ಟ್ ಕಾಯಿಲ್‌ನ ಎರಡು ಸಣ್ಣ ತುದಿಗಳ ನಡುವೆ 3ರಿಂದ 4 ಓಮ್, ಪ್ಲಗ್ ವೈರಿನ ಕಡೆಗೆ ಸಾವಿರಾರು ಓಮ್ ಬರಬೇಕು. ಒಂದೂವರೆ ಓಮ್ ಬಂದರೆ ಅದು 6 ವೋಲ್ಟ್ ಕಾಯಿಲ್ ಇರಬಹುದು. ಹಳೇ ಗಾಡಿಯನ್ನು 12 ವೋಲ್ಟಿಗೆ ಬದಲಾಯಿಸಿ ಕಾಯಿಲ್ ಮಾತ್ರ ಹಾಗೇ ಬಿಟ್ಟರೆ ಅದು ಬಿಸಿಯಾಗಿ ಸುಟ್ಟುಹೋಗುತ್ತದೆ, ಪಾಯಿಂಟನ್ನೂ ತಿನ್ನುತ್ತದೆ.

ತಣ್ಣಗಿರುವಾಗ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಓಡಿ ನಿಂತು, ಆರಿದ ಮೇಲೆ ಮತ್ತೆ ಎದ್ದೇಳುವ ಗಾಡಿಗೆ ಮೀಟರ್ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ತಣ್ಣಗಿದ್ದಾಗ ಕಾಯಿಲ್, ಕಂಡೆನ್ಸರ್ ಎರಡೂ ಸರಿಯಾದ ಲೆಕ್ಕವನ್ನೇ ತೋರಿಸುತ್ತವೆ. ಇಲ್ಲಿ ಮಾತ್ರ ಬದಲಾಯಿಸಿ ನೋಡುವುದೇ ದಾರಿ. ಮೊದಲು ಕಂಡೆನ್ಸರ್, ಆಮೇಲೆ ಕಾಯಿಲ್.

ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿ, ವೈರಿನ ತುದಿ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಮತ್ತೆ ಹಾಕಿ. ಕ್ಯಾಪ್ ಇಲ್ಲದೆ ವೈರಿನ ತುದಿಯನ್ನು ಬಾಡಿಯಿಂದ 4–5 ಮಿ.ಮೀ. ದೂರ ಹಿಡಿದಾಗ (ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ) ಕಿಡಿ ಹಾರಿ, ಕ್ಯಾಪ್ ಹಾಕಿದಾಗ ಹಾರದಿದ್ದರೆ ಕ್ಯಾಪ್ ಎಸೆಯಿರಿ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಿಗೆ ಈ ತೊಂದರೆ ಬಹಳ. ರಾತ್ರಿ ಕತ್ತಲಲ್ಲಿ ಕಿಕ್ ಹೊಡೆದರೆ ವೈರಿನ ಮೈಮೇಲೆ ನೀಲಿ ಕಿಡಿ ಓಡುವುದು ಕಣ್ಣಿಗೇ ಕಾಣುತ್ತದೆ.

ಸ್ಪಾರ್ಕ್ ಬಂದ ಮೇಲೆ

ನೀಲಿ ಸ್ಪಾರ್ಕ್ ಇದ್ದೂ ಎದ್ದೇಳದಿದ್ದರೆ ಟೈಮಿಂಗ್, ಕಾರ್ಬೊರೇಟರ್, ಅಥವಾ ಪೂರ್ತಿ ಮುಚ್ಚಿಕೊಳ್ಳದ ಡಿಕಂಪ್ರೆಸರ್ ನೋಡಿ. ಡಿಕಂಪ್ರೆಸರ್ ಕೇಬಲ್ ತೀರಾ ಬಿಗಿ ಇದ್ದರೆ ಕಂಪ್ರೆಷನ್ ಸೋರಿಹೋಗುತ್ತದೆ.

ಕಿಕ್ ಹೊಡೆಯುವುದಕ್ಕೂ ಅಮ್ಮೀಟರನ್ನೇ ಬಳಸಿ. ಡಿಕಂಪ್ರೆಸರ್ ಹಿಡಿದು ಮೆಲ್ಲಗೆ ಒತ್ತುತ್ತಾ ಹೋಗಿ, ಮುಳ್ಳು ಸೊನ್ನೆಗೆ ಬಂದಾಗ ಪಿಸ್ಟನ್ ಮೇಲಿದೆ. ಇನ್ನೊಂದು ಚೂರು ಒತ್ತಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕರ್ ಮೇಲೆ ಬರಲು ಬಿಡಿ. ಈಗ ಪೂರ್ತಿ ಕಾಲು ಹಾಕಿ ಒಂದೇ ಸಲ.

ಎಂಜಿನ್ ಎದ್ದ ಮೇಲೆ ಐಡ್ಲಿಂಗ್‌ನಲ್ಲಿ ಮುಳ್ಳು ಸ್ವಲ್ಪ ಎಡಕ್ಕೆ ಆಡಿದರೆ ಚಿಂತೆಯಿಲ್ಲ. ರೇಸ್ ಕೊಟ್ಟಾಗ ಬಲಕ್ಕೆ ಹೋಗಬೇಕು, ಬ್ಯಾಟರಿ ತುದಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ರೇಸ್ ಕೊಟ್ಟರೂ 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ವೈರಿನ ಜೋಡಣೆಗಳನ್ನು, ಆಮೇಲೆ ರೆಕ್ಟಿಫೈಯರನ್ನು (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ನೋಡಿ. 15 ದಾಟಿದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದಿಯುವ ಮೊದಲು ಬದಲಾಯಿಸಿ.